ಹಿತ್ತಲ ಬಾಗಿಲಿನ ಅಳತೆ

ಒಬ್ಬ ಹೆಂಗಸು ತನ್ನ ಮಂಚದಿಂದ ತನ್ನ ಹಿತ್ತಲಿನ ಪಾಯಖಾನೆಗೆ ಯಾರ ಕೈಯನ್ನೂ ಕಾಯದೆ ತಾನೇ ಹೋಗಿ ಬರಬೇಕು. ಕೆಲಸ ಇಷ್ಟೇ. ಅಳೆದರೆ ಮೂವತ್ತೊಂದು ಅಡಿ. ಸರ್ಕಾರದ ಹಣ ಮಂಜೂರಾಗಿತ್ತು, ಗೋಡೆ ಕಟ್ಟುವ ಗೌಂಡಿ ಇದ್ದ, ಕಲ್ಲಿತ್ತು, ಸಿಮೆಂಟಿತ್ತು. ಆದರೂ ಆ ಮೂವತ್ತೊಂದು ಅಡಿಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಐದು ತಿಂಗಳು ಹಾಳು ಮಾಡಿದವರಲ್ಲಿ ನಾನೂ ಒಬ್ಬಳು. ಎಂಜಿನಿಯರ್ ಮೇಲೆ, ಕಚೇರಿಯ ಮೇಲೆ, ಆ ಮನೆಯವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೊದಲು ನನ್ನ ತಪ್ಪು ಹೇಳಿಬಿಟ್ಟರೆ ಉಳಿದವರನ್ನು ಬೈಯಲು ಬಾಯಿಗೆ ಬಲ ಬರುತ್ತದೆ.

ಕಕ್ಕೇರಾ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವವಳು ನಾನು. ಅರ್ಜಿ ಬರೆಸುವುದು, ಎಂಜಿನಿಯರ್ ಬಂದಾಗ ಜೊತೆಗೆ ನಿಂತು ಅಳತೆ ಹಿಡಿಯುವುದು, ಕೆಲಸ ಮುಗಿದ ಮೇಲೆ ಫಲಾನುಭವಿಯ ಹೆಬ್ಬೆಟ್ಟು ಹಾಕಿಸಿ ನನ್ನ ಸಹಿ ಮಾಡುವುದು. ನನ್ನ ಎಡಗಾಲು ಸಣ್ಣವಳಿದ್ದಾಗಲೇ ಪೋಲಿಯೊಗೆ ಹೋಯಿತು. ಮೂರು ಗಾಲಿಯ ಸ್ಕೂಟರ್ ಮೇಲೆ ಓಡಾಡುತ್ತೇನೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ನಮ್ಮದು ಊರ ಹೊರಗಿನ ಓಣಿ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ಊರೊಳಗಿನ ಎಷ್ಟೋ ಮನೆಗಳಲ್ಲಿ ನನಗೆ ಪಡಸಾಲೆಯ ತುದಿಯಲ್ಲಿ ಒಂದು ಗೋಣಿತಟ್ಟು ಹಾಸುತ್ತಾರೆ, ನಾನು ಅಲ್ಲೇ ಕೂತು ಅರ್ಜಿ ಬರೆಯುತ್ತೇನೆ. ನೀರು ಕೇಳುವುದಿಲ್ಲ. ನನ್ನ ಬಾಟಲಿ ನನ್ನ ಚೀಲದಲ್ಲಿರುತ್ತದೆ.

ಆ ಮನೆಯಲ್ಲೂ ಗೋಣಿತಟ್ಟೇ. ಹೆಂಗಸಿಗೆ ನನಗಿಂತ ಹತ್ತು ವರ್ಷ ಹೆಚ್ಚು, ಅಕ್ಕ ಎನ್ನುತ್ತೇನೆ. ಹತ್ತಿ ಬಿಡಿಸಿ ಬರುವಾಗ ಕಾಲುವೆಯ ಏರಿಯ ಮೇಲೆ ಟ್ರ್ಯಾಕ್ಟರಿನ ಟ್ರಾಲಿ ಮಗುಚಿ ಬಿದ್ದು, ದವಾಖಾನೆಯಲ್ಲಿ ಅವಳ ಒಂದು ಕಾಲನ್ನು ಮಂಡಿಯ ಮೇಲೆಯೇ ಕತ್ತರಿಸಿದ್ದರು. ಇನ್ನೊಂದು ಬಿದಿರಿನಂತೆ ಸೆಟೆದು ಹೋಗಿತ್ತು. ತೋಳುಗಳು ಮಾತ್ರ ಗಟ್ಟಿ. ಮಂಚದಿಂದ ಗಾಲಿಕುರ್ಚಿಗೆ ತಾನೇ ಜಿಗಿದು ಕೂಡುತ್ತಿದ್ದಳು. ಪಡಸಾಲೆಯಿಂದ ನನಗೆ ಕಾಣುತ್ತಿದ್ದದ್ದು ನಡುಮನೆಯ ಕತ್ತಲಲ್ಲಿ ಆ ಮಂಚದ ಒಂದು ಕಾಲು, ಅವಳ ಒಂದು ಕೈ.

ನಾನು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳುತ್ತಿದ್ದೆ. ಉತ್ತರ ಕೊಡುತ್ತಿದ್ದವರು ಬಾಗಿಲಿಗೆ ಅಡ್ಡ ಕೂತಿದ್ದ ಅವಳ ಅತ್ತೆ.

"ಆಕೀನ್ನ ಏನ್ ಕೇಳ್ತಿ? ನನ್ನ ಕೇಳು."

"ಮನ್ಯಾಗ ಪಾಯಖಾನಿ ಅದ ಏನ್ರಿ ಅಮ್ಮಾರ?"

"ಅದ. ಹಿತ್ತಲದಾಗ ಕಟ್ಟಿಸ್ಯಾರ."

ಫಾರಮಿನಲ್ಲಿ 'ಇದೆ' ಎಂಬ ಕಡೆ ಗುರುತು ಹಾಕಿದೆ. ಆ ಫಾರಮ್ಮು ಎಂಥ ಜಾಣ ನೋಡಿ: ಪಾಯಖಾನೆ ಇದೆಯೇ ಎಂದು ಕೇಳುತ್ತದೆ, ಅದರೊಳಗೆ ಹೋಗಲು ಬರುತ್ತದೆಯೇ ಎಂದು ಕೇಳುವುದಿಲ್ಲ. ಕೆಳಗೆ 'ರ‍್ಯಾಂಪ್' ಎಂದು ಅಚ್ಚಾಗಿತ್ತು. ಅದಕ್ಕೂ ಗುರುತು ಹಾಕಿದೆ. ಎಲ್ಲಿಂದ ಎಲ್ಲಿಗೆ ರ‍್ಯಾಂಪ್ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಒಳಗೆ ಅವಳು ಕೆಮ್ಮತೊಡಗಿದಳು. ಬಿಡದ ಒಣ ಕೆಮ್ಮು. ಅತ್ತೆ ಏಳಲಿಲ್ಲ. ನಾನು ಬಾಟಲಿ ತೆಗೆದು, "ಅಕ್ಕಾ, ನೀರು ಬೇಕೇನ್ರಿ?" ಎಂದೆ. ಕತ್ತಲಲ್ಲಿದ್ದ ಆ ಕೈ ಬೇಡವೆಂದು ಆಡಿತು. ನನಗೆ ಮೈಯೆಲ್ಲ ಉರಿಯಿತು. ಕಾಲಿಲ್ಲದೆ ಬಿದ್ದಿದ್ದರೂ ನಮ್ಮ ಕೈನೀರು ಆಗುವುದಿಲ್ಲ ಈಕೆಗೆ, ಎಂದುಕೊಂಡೆ. ಫಾರಮ್ಮು ಮಡಚಿ ಎದ್ದೆ. ಅವಳೊಂದಿಗೆ ಎರಡು ಮಾತಾಡಬೇಕೆಂದಿದ್ದದ್ದೂ ಆ ಸಿಟ್ಟಿನಲ್ಲಿ ಹೋಯಿತು.

ಎಂಜಿನಿಯರ್ ಎರಡು ತಿಂಗಳು ಬಿಟ್ಟು ಬಂದ. ಮುಂದಿನ ಕಟ್ಟೆಯ ಮೇಲೆ ನಿಂತು ಟೇಪು ಬಿಟ್ಟ. ಕಟ್ಟೆಯ ಎತ್ತರ ಎರಡೂವರೆ ಅಡಿ. ಗಾಲಿಕುರ್ಚಿ ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಂದರೆ ಮೂವತ್ತು ಅಡಿ. ಕಟ್ಟೆಯಿಂದ ರಸ್ತೆಗೆ ಇದ್ದದ್ದು ಒಂಬತ್ತು ಅಡಿ.

"ಒಂಬತ್ತರಾಗ ಕೂಡಸೋಣ," ಎಂದ.

"ಸರ್, ಭಾಳ ಕಡಿದಾಗ್ತದ್ರಿ. ಕುರ್ಚಿ ಜಾರ್ತದ."

"ಹಿಡಿಯಾಕ ಮನಿಯವರು ಇರ್ತಾರಲ್ಲ. ಯೋಜನಾದ ಬೋರ್ಡ್ ರಸ್ತಾಕ್ಕ ಕಾಣಬೇಕು, ಅದೂ ಮುಖ್ಯ ಅದ."

ಒಳಗೊಮ್ಮೆ ನೋಡಿ ಬರ್ರಿ ಎಂದೆ. ಹೆಂಗಸರು ಓಡಾಡುವ ಜಾಗಕ್ಕೆ ತಾನು ಹೇಗೆ ಹೋಗುವುದು ಎಂದ. ಅವನು ಗಂಡಸೆಂದು ಹೋಗಲಿಲ್ಲ, ನಾನು ನಮ್ಮ ಓಣಿಯವಳೆಂದು ಹೋಗಲಿಲ್ಲ. ಟೇಪು ಪಡಸಾಲೆಯಲ್ಲೇ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. ನಮ್ಮಿಬ್ಬರಿಗೆ ಎಲ್ಲಿಯವರೆಗೆ ಪರವಾನಗಿ ಇತ್ತೋ ಅಲ್ಲಿಗೆ ಸರ್ಕಾರದ ದುಡ್ಡೂ ನಿಂತಿತು. ನಮ್ಮ ಕಡೆ ಇದು ಯಾರಿಗೂ ತಪ್ಪೆಂದು ಕೂಡ ಅನ್ನಿಸುವುದಿಲ್ಲ.

ಮೂರು ತಿಂಗಳಲ್ಲಿ ರ‍್ಯಾಂಪ್ ಎದ್ದಿತು. ಯರಿ ಎನ್ನುವ ಕಪ್ಪು ಮಣ್ಣನ್ನು ಒಂದು ಅಡಿ ಕೆದರಿ ನೇರವಾಗಿ ಕಾಂಕ್ರೀಟು ಸುರಿದಿದ್ದರಿಂದ ಫೋಟೊ ತೆಗೆಯುವ ದಿನಕ್ಕೇ ಅದರ ನಡುವೆ ಬಿರುಕು ಬಿಟ್ಟಿತ್ತು. ಆ ಬಿರುಕಿನ ಮೇಲೆ ಅಕ್ಕನ ಗಂಡ ಸೀಮೆಸುಣ್ಣದಿಂದ ಗೆರೆ ಎಳೆದಂತೆ ಸಿಮೆಂಟಿನ ಹಾಲು ಸವರಿದ.

ಫೋಟೊದ ದಿನ ಅವಳನ್ನು ಮೊದಲ ಸಲ ಬೆಳಕಿನಲ್ಲಿ ನೋಡಿದೆ. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಗಂಡ ಅವಳನ್ನು ಎತ್ತಿ ತಂದು ರ‍್ಯಾಂಪಿನ ನಡುವಿನ ಕುರ್ಚಿಯಲ್ಲಿ ಕೂಡಿಸಿದ. ಕೈಬಿಟ್ಟರೆ ಕುರ್ಚಿ ರಸ್ತೆಗೆ ಓಡುತ್ತಿತ್ತು. ಅದಕ್ಕೆ ಅವನು ಕುರ್ಚಿಯ ಹಿಂದೆ ಬಗ್ಗಿ ಕೂತು ಎರಡೂ ಕೈಯಿಂದ ಹಿಡಿದ.

"ಇನ್ನಾ ಬಗ್ಗು," ಎಂದ ಎಂಜಿನಿಯರ್. "ಹಿಂದ ಹಿಡಿದವರು ಫೋಟೊದಾಗ ಕಾಣಬಾರದು."

ನಾನು ಏನು ಹೇಳಿದೆ ಗೊತ್ತೇ? "ಅಕ್ಕಾ, ಸ್ವಲ್ಪ ನಗ್ರಿ," ಎಂದೆ. ಆ ಮಾತು ನೆನಪಾದಾಗಲೆಲ್ಲ ನನ್ನ ನಾಲಿಗೆ ನಾನೇ ಕಚ್ಚಿಕೊಳ್ಳುವಂತಾಗುತ್ತದೆ. ಅವಳು ನಗಲಿಲ್ಲ. ಫೋಟೊ ಆಯಿತು. ಎಂಜಿನಿಯರ್ 'ಕಾಮಗಾರಿ ಪೂರ್ಣಗೊಂಡಿದೆ, ತೃಪ್ತಿಯಿದೆ' ಎಂಬ ಕಾಗದ, ಇಂಕಿನ ಪ್ಯಾಡು ಮುಂದೆ ಹಿಡಿದ. ಅವಳು ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಕಟ್ಟಿದಳು.

"ರಸ್ತಾಕ್ಕ ಹೋಗಿ ನಾ ಏನ್ ಮಾಡ್ಲಿ?" ಎಂದಳು. ದನಿ ಸಣ್ಣಗಿತ್ತು, ಆದರೆ ನಡುಗಲಿಲ್ಲ. "ನನಗ ಪಾಯಖಾನಿಗಿ ಹೋಗಾಕ ದಾರಿ ಬೇಕು. ಅದು ಹಿಂದ ಅದ. ನೀವು ಮುಂದ ಕಟ್ಟೀರಿ."

ಎಂಜಿನಿಯರ್ ನನ್ನ ಕಡೆ ನೋಡಿದ, ನೀನೇ ಸಮಜಾಯಿಸು ಎಂಬಂತೆ. ನಾನು ಅವಳ ಕಡೆ ತಿರುಗಿ, ಮೊದಲೇ ಹೇಳಬಾರದಿತ್ತೇನ್ರಿ ಎಂದೆ. ಮತ್ತೂ ದೊಡ್ಡ ತಪ್ಪು.

"ನೀ ಕೇಳಿಲ್ಲ. ಪಡಸಾಲಿ ದಾಟಿ ಬಂದಿಲ್ಲ."

"ನಿಮ್ಮ ಅತ್ತಿಯಾರು ಬಿಡ್ತಿದ್ರೇನ್ರಿ?"

"ನನ್ನ ಕೇಳಬೇಕಿತ್ತು ತಂಗಿ. ಮನಿ ನಂದೂ ಅದ."

ಆಮೇಲೆ ಉಳಿದದ್ದನ್ನು ಅವಳು ಎಲ್ಲರ ಎದುರಿಗೇ ಹೇಳಿದಳು, ಗಂಡ ಇನ್ನೂ ಕುರ್ಚಿ ಹಿಡಿದು ಬಗ್ಗಿಯೇ ಇದ್ದ. ದಿನಕ್ಕೆ ಎರಡು ಸಲ, ನಸುಕಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ಅವನು ಹೊತ್ತೊಯ್ಯುತ್ತಾನೆ. ನಡುವೆ ಅವನು ಹೊಲದಲ್ಲಿರುತ್ತಾನೆ, ಅತ್ತೆಗೆ ಎತ್ತಲು ಬರುವುದಿಲ್ಲ. ಒಮ್ಮೆ ಕೈ ಊರಿ ತೆವಳಿಕೊಂಡು ಹೋಗಿ ಮೂರು ಮೆಟ್ಟಿಲು ಉರುಳಿ ಕೆಸರಲ್ಲಿ ಬಿದ್ದಿದ್ದಳು. ಅಂದಿನಿಂದ ನೀರು ಕುಡಿಯುವುದನ್ನು ಬಿಟ್ಟಳು. ದಿನಕ್ಕೆ ಎರಡು ಲೋಟ. ಮೂತ್ರದ ಉರಿ, ಜ್ವರ. ಸುರಪುರದ ದವಾಖಾನೆಯಲ್ಲಿ ಎರಡು ಸಲ ಮಲಗಿ ಬಂದಿದ್ದಳು. ನೀರು ಕುಡಿ ಎಂದು ಡಾಕ್ಟರ್ ಬೈದು ಕಳಿಸಿದ್ದ.

ನನ್ನ ಬಾಟಲಿ ಬೇಡವೆಂದ ಆ ಕೈ ನೆನಪಾಯಿತು. ನನ್ನ ಜಾತಿಗೆ ಬೇಡ ಎಂದದ್ದಲ್ಲ, ನೀರಿಗೇ ಬೇಡ ಎಂದದ್ದು. ಜೀವಮಾನವಿಡೀ ಉಂಡ ಅವಮಾನ ನನಗೆ ಬೇರೇನನ್ನೂ ಕಾಣಗೊಡದಷ್ಟು ದೊಡ್ಡದಾಗಿತ್ತು. ಮನೆಯ ಹಿಂದೆ ಕೂಗಳತೆಯಲ್ಲಿ ಕೃಷ್ಣೆಯ ಕಾಲುವೆ. ಅಷ್ಟು ನೀರಿನ ಪಕ್ಕದಲ್ಲಿ ಒಬ್ಬಳು ಬಾಯಾರಿ ಒಣಗುತ್ತಿದ್ದಳು. ನಾನು ಅವಳ ಮೇಲೆ ಐದು ತಿಂಗಳು ಮುನಿಸು ಇಟ್ಟುಕೊಂಡು ಓಡಾಡಿದ್ದೆ.

"ಅಕ್ಕಾ, ಒಳಗ ಬರಲೇನ್ರಿ?"

"ಬಾ."

ಅತ್ತೆ ಬಾಗಿಲಿಗೆ ಬಂದು ನಿಂತರು. "ಆ ಕಡಿ ಅಡಗಿ ಮನಿ ಅದ. ಟೇಪ್ ಕೊಡಿಲ್ಲಿ, ಅಳತಿ ನಾವ ತಗೊಂಡು ಹೇಳ್ತೀವಿ."

"ಟೇಪ್ ಹಿಡಿಯೋದು ನನ್ನ ನೌಕರಿ ಅಮ್ಮಾರ. ನಿಮ್ಮ ಕೈಯಾಗ ಕೊಡಾಕ ಬರಂಗಿಲ್ಲ."

"ಅತ್ತಿ, ಸರೀರಿ," ಎಂದಳು ಅಕ್ಕ. "ಆಕಿ ಒಳಗ ಬರ್ದಿದ್ರ ನಾ ಹಿಂಗ ಒಣಗಿ ಸಾಯ್ತೀನಿ."

ಅತ್ತೆ ಸರಿದರು. ನಾನು ಕೋಲೂರಿ ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಲ ಬಾಗಿಲಿಗೆ ಹೋದೆ. ಅಳತೆ ಬರೆದುಕೊಂಡೆ. ಮಂಚದಿಂದ ಹಿತ್ತಲ ಬಾಗಿಲು ಹದಿಮೂರು ಅಡಿ. ಹೊಸ್ತಿಲು ಮೂರು ಅಂಗುಲ. ಅಲ್ಲಿಂದ ನೆಲಕ್ಕೆ ಮೂರು ಮೆಟ್ಟಿಲು, ಒಂದೂವರೆ ಅಡಿ. ಪಾಯಖಾನೆ ಹದಿನೆಂಟು ಅಡಿ ದೂರ, ನೆಲದಿಂದ ಎಂಟು ಅಂಗುಲ ಎತ್ತರ. ಅದರ ಬಾಗಿಲು ಇಪ್ಪತ್ನಾಲ್ಕು ಅಂಗುಲ, ಗಾಲಿಕುರ್ಚಿ ಇಪ್ಪತ್ತಾರು. ಅಂದರೆ ತಿಂಗಳುಗಟ್ಟಲೆ ಕೂತು ಯೋಚಿಸಿದ್ದರೂ ಇದಕ್ಕಿಂತ ಚೆನ್ನಾಗಿ ಅವಳನ್ನು ಹೊರಗಿಡಲು ಆಗುತ್ತಿರಲಿಲ್ಲ. ನಾನು ಹೊರಬರುವಾಗ ಅತ್ತೆ ಬಕೆಟ್ಟಿಗೆ ಸೆಗಣಿ ಕಲಸುತ್ತಿದ್ದರು, ನಾನು ನಡೆದ ಜಾಗ ಸಾರಿಸಲು. ನೋಡಿಯೂ ನೋಡದಂತೆ ಬಂದೆ. ಒಂದು ದಿನಕ್ಕೆ ಒಂದು ಜಗಳ ಸಾಕು.

ಆ ದಿನ ಹೆಬ್ಬೆಟ್ಟೂ ಬೀಳಲಿಲ್ಲ, ನಾನೂ ಸಹಿ ಮಾಡಲಿಲ್ಲ.

ಸುರಪುರದ ಕಚೇರಿಯಲ್ಲಿ ಅಧಿಕಾರಿ ನನ್ನ ಅಳತೆಯ ಹಾಳೆಯನ್ನು ಬೆರಳ ತುದಿಯಿಂದ ದೂಡಿದರು. "ಒಂದು ಮನೆಗೆ ಒಂದೇ ಸಲ. ನಿಮ್ಮದು ಮುಗಿದಿದೆ, ಫೋಟೊ ಬಂದಿದೆ."

"ಮುಗಿದಿಲ್ರಿ ಸಾಹೇಬ್ರ. ಹೆಬ್ಬೆಟ್ಟಿಲ್ಲ, ನನ್ನ ಸಹಿ ಇಲ್ಲ."

"ಸಹಿ ಮಾಡದಿದ್ದರೆ ನಿನ್ನ ಕೆಲಸ ಮುಂದಿನ ವರ್ಷ ಇರ್ತದೇನು ನೋಡಿಕೋ."

"ಇರಂಗಿಲ್ಲ ಅಂತ ಬರದ ಕೊಡ್ರಿ. ಪಾಯಖಾನಿಗಿ ದಾರಿ ಕೇಳಿದ್ದಕ್ಕ ತಗದೀವಿ ಅಂತ ಅದರಾಗ ಹಾಕ್ರಿ."

ಅಷ್ಟು ಧೈರ್ಯ ಎಲ್ಲಿಂದ ಬಂತೋ. ಆ ಕಚೇರಿಗೆ ಮೂರು ಸಲ ಹೋದೆ. ಮೂರನೆಯ ಸಲ, ಬಿಲ್ಲು ನಿಂತು ಎಂಜಿನಿಯರ್‌ಗೇ ಕಿರಿಕಿರಿ ಹತ್ತಿದ ಮೇಲೆ, ದಾರಿ ಅವನೇ ಹೇಳಿದ: ಕಾಮಗಾರಿ ಮುಗಿಯದ ಕಾರಣ 'ಸ್ಥಳ ಬದಲಾವಣೆ' ಎಂದು ಬರೆಯಬಹುದು. ಆದರೆ ಮುಂದಿನ ರ‍್ಯಾಂಪನ್ನು ಒಡೆಯಬೇಕು. ಒಂದು ಮನೆಗೆ ಎರಡು ರ‍್ಯಾಂಪ್ ಇದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾನಂತೆ. ಉಪಯೋಗಕ್ಕೆ ಬಾರದ್ದೊಂದು ಇದ್ದಾಗ ಸಿಕ್ಕಿಬೀಳುವ ಭಯವಿರಲಿಲ್ಲ.

ಒಡೆಯುತ್ತೇವೆಂದರೆ ಅಕ್ಕನ ಗಂಡ ಅಡ್ಡ ನಿಂತ. ರ‍್ಯಾಂಪ್ ಆದಾಗಿನಿಂದ ಅವನ ಮೋಟರ್‌ಸೈಕಲ್ ಸೀದಾ ಪಡಸಾಲೆಗೆ ಏರುತ್ತಿತ್ತು. "ಗಾಡಿ ಒಳಗ ಹಚ್ಚಾಕ ಚೊಲೊ ಆಗ್ಯಾದ. ಇದ್ದದ್ದು ಯಾಕ ಒಡಿತೀರಿ?" ಎಂದ. ಎರಡು ವರ್ಷ ದಿನವೂ ಹೆಂಡತಿಯನ್ನು ಹೊತ್ತವನೂ ಇವನೇ. ಬೈಯಲು ನನಗೆ ಬಾಯಿ ಬರಲಿಲ್ಲ. ಬಂದದ್ದು ಅವಳಿಗೆ.

"ನಿಮ್ಮ ಗಾಡಿ ಬೀದ್ಯಾಗ ನಿಂತ್ರ ಅದಕ್ಕೇನು ಜ್ವರ ಬರ್ತದ? ಅರ್ಜಿ ನನ್ನ ಹೆಸರಿಲೆ ಅದ. ಒಡೀರಿ."

ಒಡೆದವನೂ ಅವನೇ, ಮರುದಿನ ಬೆಳಿಗ್ಗೆ.

ಆ ಹೊತ್ತಿಗೆ ಕಾಲುವೆಗೆ ನೀರು ಬಿಡಲು ಮೂರು ವಾರ ಉಳಿದಿತ್ತು. ನೀರು ಬಂದರೆ ಊರಿನ ಕೈಗಳೆಲ್ಲ ಭತ್ತದ ನಾಟಿಗೆ ಹೋಗುತ್ತವೆ. ಕೂಲಿಗೆ ಒಬ್ಬರೂ ಸಿಗುವುದಿಲ್ಲ. ಜೊತೆಗೆ ಆ ಹಿತ್ತಲು ಬಸಿನೀರಿಗೆ ಕೆಸರಾಗುತ್ತದೆ. ನಾನು ಮೆಟ್ಟಿಲ ಪಕ್ಕದಿಂದ ನೆಲಕ್ಕೆ ಒಂದು ರ‍್ಯಾಂಪ್ ಇಳಿಸಿ, ಪಾಯಖಾನೆಯ ಬಳಿ ಇನ್ನೊಂದು ಏರಿಸುವ ನಕ್ಷೆ ಬರೆದಿದ್ದೆ. ಗೌಂಡಿ ಅದನ್ನು ತಲೆಕೆಳಗು ಮಾಡಿ ಒಮ್ಮೆ ನೋಡಿ ವಾಪಸು ಕೊಟ್ಟ. ಅವನು ಹರೆಯದಲ್ಲಿ ಕಾಲುವೆಯ ಕಟ್ಟಡದಲ್ಲೇ ಕೈ ಪಳಗಿಸಿಕೊಂಡವನು.

"ಕೆಳಗ ಯಾಕ ಇಳಸ್ತೀರಿ? ಕಾಲುವಿಗಿ ಹಳ್ಳ ಅಡ್ಡ ಬಂದ್ರ ಕಾಲುವಿ ಹಳ್ಳಕ್ಕ ಇಳೀತದೇನು? ಮ್ಯಾಲಿಂದನ ದಾಟ್ತದ. ಹಂಗ ಒಯ್ಯಾಣ."

ನನಗೆ ಅವನ ಕಾಲು ಮುಟ್ಟಬೇಕೆನಿಸಿತು. ಹೊಸ್ತಿಲ ಮಟ್ಟದಿಂದ ಪಾಯಖಾನೆಯ ನೆಲದವರೆಗೆ ಒಂದೇ ಏರಿ. ಹದಿನೆಂಟು ಅಡಿಯಲ್ಲಿ ಹತ್ತು ಅಂಗುಲ ಇಳಿತ. ಕೆಸರಿಗೆ ಗಾಲಿ ತಾಕುವುದೇ ಇಲ್ಲ. ಹೊಸ್ತಿಲು ಕಡಿಯಬಾರದೆಂದು ಅತ್ತೆ ಕೂತರು. ಗೌಂಡಿ ನಕ್ಕು, "ನಾನೂ ಕಡಿಯಂಗಿಲ್ರಿ ಯಮ್ಮಾ, ನನಗೂ ಮಕ್ಕಳ ಅದಾವ," ಎಂದ. ಒಳಗಿನ ನೆಲವನ್ನೇ ಮೂರು ಅಡಿ ಉದ್ದಕ್ಕೆ ಸಣ್ಣಗೆ ಏರಿಸಿ ಹೊಸ್ತಿಲಿಗೆ ಕೂಡಿಸಿದ. ಅರಿಷಿಣ ಕುಂಕುಮಕ್ಕೆ ಜಾಗ ಹಾಗೇ ಉಳಿಯಿತು.

ಯರಿ ಮಣ್ಣನ್ನು ಮೂರು ಅಡಿ ಅಗೆದು ತೆಗೆದೆವು. ಅಂದಾಜು ಪಟ್ಟಿಯಲ್ಲಿ ಒಂದೇ ಅಡಿ ಇತ್ತು. "ಈ ಮಣ್ಣಿಗಿ ಕಾಲುವಿ ನೀರು ತಾಕಿತಂದ್ರ ಉಬ್ಬತದ. ಮ್ಯಾಲಿನ ಕಲ್ಲು ಎತ್ತಿ ಒಗೀತದ," ಎಂದು ಗೌಂಡಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತರಿಸಿ ತುಂಬಿಸಿ, ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಿಸಿದ. ಮೇಲೆ ಫರ್ಸಿ ಕಲ್ಲು ಹಾಸಿದೆವು. ಅಲ್ಲಿಯೂ ಎಡವಿದೆವು: ನುಣುಪು ಮಗ್ಗುಲು ಮೇಲೆ ಬಂದು, ಒಂದು ಬಕೆಟ್ ನೀರು ಸುರಿದು ನೋಡಿದರೆ ಗಾಲಿ ಎಣ್ಣೆ ಮೇಲೆ ಹೋದಂತೆ ಹೋಯಿತು. ಎರಡು ದಿನದ ಕೆಲಸ ಕಿತ್ತು, ಕಲ್ಲು ಮಗುಚಿ, ಒರಟು ಮಗ್ಗುಲಿಗೆ ಚಾಣದಿಂದ ಅಡ್ಡ ಗೀರು ಹೊಡೆದು ಮತ್ತೆ ಕೂಡಿಸಿದೆವು. ಪಾಯಖಾನೆಯ ಒಂದು ಪಕ್ಕದ ಗೋಡೆ ಒಡೆದು ಒಂದೂವರೆ ಅಡಿ ಹೆಚ್ಚು ಅಗಲ ಮಾಡಿ, ಕಮೋಡಿನ ಪಕ್ಕ ಕುರ್ಚಿ ನಿಲ್ಲುವಂತೆ ಮಾಡಿದೆವು. ಬಾಗಿಲು ಮೂರು ಅಡಿ, ಹೊರಕ್ಕೆ ತೆರೆಯುವಂಥದ್ದು. ಹಳೆಯ ಗೋಡೆ ಮೊಳೆ ಹಿಡಿಯದು. ಹಿಡಿಕೆಯ ಪೈಪನ್ನು ನೆಲದಿಂದಲೇ ಎಬ್ಬಿಸಿದೆವು. ಎತ್ತರ ಎಷ್ಟೆಂದು ಈ ಸಲ ಅಕ್ಕನನ್ನೇ ಕೇಳಿದೆ. ಅವಳು ಕುರ್ಚಿಯಲ್ಲಿ ಕೂತು ಕೈ ಚಾಚಿ ತೋರಿಸಿದ ಕಡೆ ಗೌಂಡಿ ಗುರುತು ಹಾಕಿದ. ಕೊನೆಗೆ ಅವಳು ಕೇಳಿದ್ದು ಒಂದೇ: "ಚಿಲಕ ಒಳಗಿಂದ ಹಾಕ್ರಿ. ನನ್ನ ಕೈಗಿ ಎಟಕೂ ಹಂಗ."

ನೀರು ನಾಲ್ಕು ದಿನ ಮೊದಲೇ ಬಿಟ್ಟರು. ಕೂಲಿಯವರು ಹೇಳದೆ ಕೇಳದೆ ಗದ್ದೆಗೆ ಹೋದರು. ಕೊನೆಯ ಆರು ಅಡಿಯನ್ನು ಗೌಂಡಿ ಮತ್ತು ಅಕ್ಕನ ಗಂಡ ಇಬ್ಬರೇ ಹಾಸಿದರು; ನಾನು ಕೂತಲ್ಲೇ ಸಂದುಗಳಿಗೆ ಸಿಮೆಂಟು ತುಂಬಿದೆ. ಅತ್ತೆ ಗೌಂಡಿಗೆ ಚಹಾ ಕೊಟ್ಟರು. ನನಗೆ ಕೊಡಲಿಲ್ಲ. ಆ ಮನೆಯಲ್ಲಿ ಎಲ್ಲ ಸರಿಹೋಯಿತು ಎಂದು ನೀವು ತಿಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಹತ್ತು ದಿನ ಕಲ್ಲಿಗೆ ನೀರುಣಿಸಿ ಗಟ್ಟಿಯಾದ ಮೇಲೆ ಎಂಜಿನಿಯರ್ ಬಂದ. ಅದೇ ಕಾಗದ, ಅದೇ ಇಂಕಿನ ಪ್ಯಾಡು. ಪಡಸಾಲೆಯಲ್ಲಿ ನಿಂತು, "ಫೋಟೊ ಇಲ್ಲಿಂದನ ತಗೀಲೇನು?" ಎಂದ.

"ಬರ್ರಿ ಒಳಗ," ಎಂದಳು ಅಕ್ಕ ನಡುಮನೆಯಿಂದ. "ನಾ ಕರ್ಯಾಕತ್ತೀನಲ್ಲ. ಬರ್ರಿ."

ಬಂದ. ನಾನೂ ಹೋದೆ. ಹಿತ್ತಲಲ್ಲಿ ಆಗಲೇ ಬಸಿನೀರು ಎದ್ದು ಮಣ್ಣು ಕರ್ರಗೆ ಹೊಳೆಯುತ್ತಿತ್ತು. ಅದರ ಮೇಲೆ ಏರಿ ಒಣಗಿ ನಿಂತಿತ್ತು. ಎಂಜಿನಿಯರ್ ಪ್ಯಾಡು ಬಿಚ್ಚಿ ಹಿಡಿದ.

ಅಕ್ಕ ಪ್ಯಾಡಿನ ಕಡೆ ನೋಡಲಿಲ್ಲ. ನನ್ನ ಚೀಲದ ಕಡೆ ಕೈ ಚಾಚಿದಳು. "ತಂಗಿ, ನಿನ್ನ ಬಾಟ್ಲಿ ಕೊಡಿಲ್ಲಿ."

ಕೊಟ್ಟೆ. ಅತ್ತೆ ನೋಡುತ್ತಿದ್ದರು. ಅವಳು ಬಾಟಲಿಗೆ ಬಾಯಿ ಹಚ್ಚಿ, ನಡುವೆ ಉಸಿರು ತೆಗೆದುಕೊಳ್ಳಲು ಒಮ್ಮೆ ನಿಲ್ಲಿಸಿ, ತಳ ಕಾಣುವವರೆಗೆ ಕುಡಿದಳು. ಖಾಲಿ ಬಾಟಲಿ ನನ್ನ ಕೈಗಿಟ್ಟಳು. ಮಂಚದ ಬಳಿ ಕುರ್ಚಿಯಲ್ಲೇ ಕೂತು ಸ್ವಲ್ಪ ಹೊತ್ತು ಕಾದಳು, ನಾವೂ ಕಾದೆವು. ಆಮೇಲೆ ಗಾಲಿಗೆ ಕೈ ಹಾಕಿದಳು. ಹೊಸ್ತಿಲು ದಾಟಿತು ಕುರ್ಚಿ. ಗಂಡ ಹಿಂದೆ ಹಿಡಿಯಲು ಹೋದ, ಬೇಡವೆಂದು ಅದೇ ಕೈ ಆಡಿಸಿದಳು. ಹದಿನೆಂಟು ಅಡಿ ಹೋದಳು, ಬಾಗಿಲು ಎಳೆದುಕೊಂಡಳು. ಒಳಗಿನಿಂದ ಚಿಲಕ ಬಿತ್ತು.

ನಾವು ನಾಲ್ವರು ಹಿತ್ತಲ ಬಾಗಿಲಲ್ಲಿ ನಿಂತಿದ್ದೆವು. ಎಂಜಿನಿಯರ್ ಎರಡು ಸಲ ಗಡಿಯಾರ ನೋಡಿದ.

"ಎಷ್ಟೊತ್ತು ಆಗ್ತದ ಆಕೀಗಿ? ನನಗ ಇನ್ನಾ ಎರಡು ಊರು ಅದಾವ."

"ಆಕಿ ಎರಡು ವರ್ಷ ತಡಕೊಂಡಾಳ್ರಿ ಸರ್," ಎಂದೆ. "ನೀವು ಹತ್ತು ನಿಮಿಷ ತಡಕೊಳ್ರಿ."